ಡ್ರ್ಯಾಗನ್ ಏರಿದವಳಿಗೂ ಸಿಗದ ಹತ್ತು ನಿಮಿಷ

ಫ್ಯಾಂಟಸಿ ಸರಣಿಗಳ ಹೆಣ್ಣು ಪಾತ್ರಗಳ ಬಗ್ಗೆ ಅಭಿಮಾನಿಗಳ ನಡುವೆ ಎದ್ದ ಜಗಳ ಹೆಚ್ಚಾಗಿ ಒಂದೇ ಕಡೆ ಬಂದು ನಿಲ್ಲುತ್ತದೆ: ಅವಳು ಗಟ್ಟಿಗಿತ್ತಿ ಹೌದೋ ಅಲ್ಲವೋ. ಕತ್ತಿ ಹಿಡಿದಳಾ, ಎಷ್ಟು ತಲೆ ಉರುಳಿಸಿದಳು, ಕೊನೆಗೆ ಸಿಂಹಾಸನ ಸಿಕ್ಕಿತಾ. ಈ ಲೆಕ್ಕದಲ್ಲಿ ನೋಡಿದರೆ ಬರಗಾಲವೇನೂ ಇಲ್ಲ. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ರಾಣಿಯರಿದ್ದಾರೆ, ಹಂತಕಿಯಿದ್ದಾಳೆ, ಡ್ರ್ಯಾಗನ್ ಸವಾರಿ ಮಾಡುವವಳಿದ್ದಾಳೆ. ‘ದಿ ರಿಂಗ್ಸ್ ಆಫ್ ಪವರ್’ನ ಗಲಾಡ್ರಿಯೆಲ್ ಸೇನಾನಾಯಕಿ. ‘ದಿ ವೀಲ್ ಆಫ್ ಟೈಮ್’ನಲ್ಲಂತೂ ಮಂತ್ರಶಕ್ತಿಯೇ ಹೆಂಗಸರ ಒಂದು ಪಂಗಡದ ಕೈಯಲ್ಲಿದೆ. ಆದರೂ ಸೀಸನ್ ಮುಗಿದಾಗಲೆಲ್ಲ ಅದೇ ಸಿಟ್ಟು, ಅದೇ ಬೈಗುಳ.

ಶಕ್ತಿಯ ಲೆಕ್ಕ ಬಿಟ್ಟು ಸಮಯದ ಲೆಕ್ಕ ಹಾಕಿದರೆ ಈ ಸಿಟ್ಟಿನ ಮೂಲ ಸಿಗುತ್ತದೆ. ದೊಡ್ಡ ಘಟನೆಯೊಂದು ನಡೆದ ಮೇಲೆ ಕ್ಯಾಮೆರಾ ಯಾರ ಮುಖದ ಮೇಲೆ ನಿಲ್ಲುತ್ತದೆ, ಮುಂದಿನ ಎಪಿಸೋಡಿನಲ್ಲಿ ಅದರ ಬಗ್ಗೆ ಬಾಯಿ ಬಿಡುವ ಅವಕಾಶ ಯಾರಿಗೆ ಸಿಗುತ್ತದೆ ಎಂಬುದನ್ನು ನೋಡಬೇಕು. ಈ ಸರಣಿಗಳು ಹೆಣ್ಣಿಗೆ ಅಧಿಕಾರವನ್ನು ಧಾರಾಳವಾಗಿಯೇ ಕೊಡುತ್ತವೆ. ಅವಳ ನಿರ್ಧಾರದ ಹಿಂದಿನ ಕಾರಣಕ್ಕೆ, ಮುಂದಿನ ಪರಿಣಾಮಕ್ಕೆ ಬೇಕಾದ ನಿಮಿಷಗಳ ವಿಷಯ ಬಂದಾಗ ಮಾತ್ರ ಕೈ ಬಿಗಿಹಿಡಿಯುತ್ತವೆ. ಹಾಗೆ ಚಿತ್ರಕಥೆಯಲ್ಲಿ ಉಳಿದ ತೂತನ್ನು ಫ್ಯಾಂಡಮ್, ಅಂದರೆ ಅಭಿಮಾನಿ ಬಳಗ, ಪಾತ್ರದ ದೋಷವೆಂದು ಓದಿಕೊಳ್ಳುತ್ತದೆ. ಬರೆದವರ ತಲೆಯ ಮೇಲೆ ಕೂರಬೇಕಾದ ಗೂಬೆ ಪಾತ್ರದ ತಲೆಯ ಮೇಲೆ, ಎಷ್ಟೋ ಸಲ ನಟಿಯ ತಲೆಯ ಮೇಲೆಯೇ ಕೂರುತ್ತದೆ. (ಇಲ್ಲಿಂದ ಮುಂದೆ ಸ್ಪಾಯ್ಲರ್‌ಗಳಿಗೆ ಲೆಕ್ಕವಿಲ್ಲ.)

2015ರ ಮೇ 17ರಂದು ಪ್ರಸಾರವಾದ ‘ಗೇಮ್ ಆಫ್ ಥ್ರೋನ್ಸ್’ ಐದನೇ ಸೀಸನ್ನಿನ ಆರನೇ ಎಪಿಸೋಡನ್ನು ಹತ್ತಿರದಿಂದ ನೋಡೋಣ. ಸ್ಟಾರ್ಕ್ ಮನೆತನದ ಮಗಳು ಸಾನ್ಸಾಳನ್ನು ಆ ಮನೆತನದ ಶತ್ರುವಾದ ಕ್ರೂರಿ ರಾಮ್ಸಿ ಬೋಲ್ಟನ್‌ಗೆ ಮದುವೆ ಮಾಡಿಕೊಡುತ್ತಾರೆ. ಮೊದಲ ರಾತ್ರಿ ಅವನು, ಸಾನ್ಸಾಳ ಮನೆಯಲ್ಲೇ ಬೆಳೆದು ಈಗ ತನ್ನ ಆಳಾಗಿರುವ ಥಿಯಾನ್‌ನನ್ನು ಕೋಣೆಯಲ್ಲೇ ನಿಲ್ಲಿಸಿಕೊಂಡು, ಅವನ ಕಣ್ಣೆದುರೇ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಕ್ಯಾಮೆರಾ ಸಾನ್ಸಾಳಿಂದ ಸರಿದು ಥಿಯಾನ್‌ನ ಮುಖಕ್ಕೆ ಬರುತ್ತದೆ. ಅವಳ ಚೀರಾಟ ಕೇಳುತ್ತಿರುತ್ತದೆ, ಕಾಣುವುದು ಅಳುತ್ತಿರುವ ಥಿಯಾನ್. ಎಪಿಸೋಡ್ ಅಲ್ಲಿಗೆ ಮುಗಿಯುತ್ತದೆ. ಮೈ ತೋರಿಸದೆ ಸಂಯಮ ಪಾಲಿಸಿದ್ದಾರಲ್ಲ ಎಂದು ಸಮರ್ಥಿಸಿದವರಿದ್ದರು, ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ನೋವು ಅವಳದ್ದು, ಆ ನೋವಿನ ಕಥೆ ಅವನದ್ದು ಎಂದಾಯಿತು.

ಇದು ಹೀಗಾದದ್ದಕ್ಕೆ ಬರೀ ದುರುದ್ದೇಶ ಕಾರಣವಲ್ಲ, ರೂಪಾಂತರದ ಒಂದು ತಾಂತ್ರಿಕ ಎಡವಟ್ಟೂ ಇದೆ. ಸರಣಿಗೆ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಯಲ್ಲಿ ರಾಮ್ಸಿಯನ್ನು ಮದುವೆಯಾಗುವವಳು ಸಾನ್ಸಾ ಅಲ್ಲ, ಅವಳ ಬಾಲ್ಯದ ಗೆಳತಿ ಜೇನ್ ಪೂಲ್. ಸಾನ್ಸಾಳ ತಂಗಿ ಆರ್ಯಾ ಸ್ಟಾರ್ಕ್ ಇವಳೇ ಎಂದು ನಂಬಿಸಿ ಅವಳ ಮದುವೆ ಮಾಡಿರುತ್ತಾರೆ. ಟೀವಿಯವರಿಗೆ ಒಂದು ಕಡೆ ಮುಖ್ಯ ತಾರಾಗಣದ ನಟಿಗೆ ಕೆಲಸ ಬೇಕಿತ್ತು, ಇನ್ನೊಂದು ಕಡೆ ಪ್ರೇಕ್ಷಕರು ಮರೆತೇಬಿಟ್ಟಿದ್ದ ಒಂದು ಸಣ್ಣ ಪಾತ್ರದ ದೊಡ್ಡ ಕಥೆಯಿತ್ತು. ಎರಡನ್ನೂ ಹೊಲಿದರು. ಕಾಗದದ ಮೇಲೆ ಇದು ಜಾಣ ಉಳಿತಾಯ. ಆದರೆ ಆ ಕಾದಂಬರಿಗಳಲ್ಲಿ ಪ್ರತಿ ಅಧ್ಯಾಯಕ್ಕೂ ಒಬ್ಬರ ದೃಷ್ಟಿಕೋನವಿರುತ್ತದೆ, ಜೇನ್‌ಳ ಸಂಕಟ ಬರುವುದು ಥಿಯಾನ್‌ನ ಅಧ್ಯಾಯಗಳಲ್ಲಿ. ಸಾನ್ಸಾಳಿಗೋ ಕಾದಂಬರಿಯಲ್ಲಿ ತನ್ನದೇ ಅಧ್ಯಾಯಗಳಿವೆ, ಮೊದಲ ಸೀಸನ್ನಿನಿಂದಲೂ ಟೀವಿ ಅವಳ ಕಣ್ಣಿನಿಂದ ಎಷ್ಟೋ ಸಂಗತಿ ತೋರಿಸಿದೆ. ಜೇನ್‌ಳ ಘಟನೆಯನ್ನು ಅವಳಿಗೆ ತಂದು ಅಂಟಿಸಿದಾಗ ಥಿಯಾನ್‌ನ ದೃಷ್ಟಿಕೋನವೂ ಜೊತೆಗೇ ಅಂಟಿಕೊಂಡು ಬಂತು. ಅದನ್ನು ಬಿಡಿಸಿ ಹೊಸದಾಗಿ ಬರೆಯುವ ಕೆಲಸ ಆಗಲಿಲ್ಲ.

ಗಲಾಟೆ ದೊಡ್ಡದಾಯಿತು. ಅಮೆರಿಕದ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್ ಇನ್ನು ಈ ಸರಣಿ ನೋಡುವುದಿಲ್ಲವೆಂದು ಟ್ವೀಟ್ ಮಾಡಿದರು. ಮುಂದಿನ ಎಪಿಸೋಡಿನಲ್ಲಿ ಸಾನ್ಸಾ ಬೀಗ ಹಾಕಿದ ಕೋಣೆಯಲ್ಲಿದ್ದು ಥಿಯಾನ್‌ನ ಸಹಾಯ ಬೇಡುತ್ತಾಳೆ, ಅವನು ಹೋಗಿ ರಾಮ್ಸಿಗೆ ಹೇಳಿಬಿಡುತ್ತಾನೆ. ತನಗಾದದ್ದನ್ನು ಅವಳು ಬಾಯಿಬಿಟ್ಟು ಹೇಳುವುದು ಒಂದು ವರ್ಷದ ನಂತರ, ಆರನೇ ಸೀಸನ್ನಿನ ಐದನೇ ಎಪಿಸೋಡಿನಲ್ಲಿ. ಆ ಮದುವೆ ಕುದುರಿಸಿದ ಲಿಟಲ್‌ಫಿಂಗರ್‌ನನ್ನೇ ಎದುರು ನಿಲ್ಲಿಸಿಕೊಂಡು ಕೇಳುತ್ತಾಳೆ: ಅವನು ನನಗೆ ಏನೇನು ಮಾಡಿರಬಹುದು, ನೀನೇ ಹೇಳು. ಇಡೀ ಸರಣಿಯ ಒಳ್ಳೆಯ ದೃಶ್ಯಗಳಲ್ಲಿ ಅದೂ ಒಂದು. ಅಂದರೆ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಕೊನೆಯ ಸೀಸನ್ನಿನ ನಾಲ್ಕನೇ ಎಪಿಸೋಡಿನಲ್ಲಿ ಮತ್ತೆ ಹಳಿ ತಪ್ಪಿತು. ರಾಮ್ಸಿ, ಲಿಟಲ್‌ಫಿಂಗರ್ ಮುಂತಾದವರು ಇಲ್ಲದಿದ್ದರೆ ತಾನು ಎಂದಿಗೂ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬರ್ಥದ ಮಾತನ್ನು ಅವಳ ಬಾಯಲ್ಲೇ ಹೇಳಿಸಿದರು. ಹೆಣ್ಣು ಗಟ್ಟಿಯಾಗಲು ಅತ್ಯಾಚಾರವೇ ಬೇಕೇ ಎಂದು ಕೇಳಿದವರಲ್ಲಿ ನಟಿ ಜೆಸ್ಸಿಕಾ ಚಾಸ್ಟೇನ್ ಕೂಡ ಒಬ್ಬರು.

ಇಂಥ ಹೊಲಿಗೆ ಒಂದೇ ಸಲ ನಡೆದದ್ದಲ್ಲ. ಡಾರ್ನ್ ಎಂಬ ರಾಜ್ಯದ ಕಥೆಯಲ್ಲಿ ಕಾದಂಬರಿಯ ರಾಜಕುಮಾರಿ ಅರಿಯಾನ್‌ಳನ್ನೇ ಕೈಬಿಟ್ಟರು. ಕಾದಂಬರಿಯಲ್ಲಿ ಸೇಡು ಸಾಕು ಎಂದು ವಾದಿಸುವ ಎಲಾರಿಯಾಳನ್ನು ಟೀವಿಯಲ್ಲಿ ಸೇಡಿಗಾಗಿಯೇ ಬದುಕುವ ಕೊಲೆಗಾತಿಯಾಗಿ ತಿರುಗಿಸಿದರು. ಸಾನ್ಸಾಳ ಅಣ್ಣ ರಾಬ್‌ನ ಹೆಂಡತಿ ಕಾದಂಬರಿಯಲ್ಲಿ, ಅತಿಥಿಗಳನ್ನೇ ಕೊಲ್ಲುವ ಆ ಕುಖ್ಯಾತ ಮದುವೆಗೆ ಹೋಗುವುದೇ ಇಲ್ಲ. ಟೀವಿಯಲ್ಲಿ ಅವನ ಗರ್ಭಿಣಿ ಹೆಂಡತಿ ಟಲೀಸಾಳ ಹೊಟ್ಟೆಗೆ ಚೂರಿ ಹಾಕುವುದರಿಂದಲೇ ಅಲ್ಲಿ ಹತ್ಯಾಕಾಂಡ ಶುರುವಾಗುತ್ತದೆ.

ಹೆಣ್ಣನ್ನು ಕೊಂದು ಗಂಡಿಗೆ ಕಾರಣ ಒದಗಿಸುವ ಈ ತಂತ್ರಕ್ಕೆ ಅಭಿಮಾನಿಗಳ ಭಾಷೆಯಲ್ಲಿ ‘ಫ್ರಿಜಿಂಗ್’ ಎಂದೇ ಹೆಸರು. 1994ರ ‘ಗ್ರೀನ್ ಲ್ಯಾಂಟರ್ನ್’ ಕಾಮಿಕ್‌ನ 54ನೇ ಸಂಚಿಕೆಯಲ್ಲಿ ನಾಯಕನ ಪ್ರೇಯಸಿಯ ಹೆಣವನ್ನು ಫ್ರಿಜ್ಜಿನಲ್ಲಿ ತುರುಕಿಟ್ಟಿರುತ್ತಾರೆ. ಇಂಥ ಉದಾಹರಣೆಗಳನ್ನೆಲ್ಲ ಮುಂದೆ ಕಾಮಿಕ್ ಬರಹಗಾರ್ತಿಯಾದ ಗೇಲ್ ಸಿಮೋನ್ 1999ರಲ್ಲಿ ಪಟ್ಟಿ ಮಾಡಿದಾಗ ಹೆಸರು ಅಂಟಿಕೊಂಡಿತು. 2005ರಲ್ಲಿ ಶುರುವಾದ ‘ಸೂಪರ್‌ನ್ಯಾಚುರಲ್’ ಮೊದಲ ಎಪಿಸೋಡಿನಲ್ಲೇ ನಾಯಕರ ತಾಯಿಯನ್ನೂ ಒಬ್ಬನ ಪ್ರೇಯಸಿಯನ್ನೂ ಒಂದೇ ರೀತಿ, ಛಾವಣಿಗೆ ಅಂಟಿಸಿ ಸುಟ್ಟು ಕೊಂದಿತು. ಮುಂದಿನ 15 ಸೀಸನ್‌ಗಳ ಬಂಡಿ ಹೊರಟದ್ದು ಆ ಎರಡು ಹೆಣಗಳಿಂದ. 2021ರ ‘ದಿ ವೀಲ್ ಆಫ್ ಟೈಮ್’ ಇನ್ನೂ ವಿಚಿತ್ರ. ಮೂಲ ಕಾದಂಬರಿಯಲ್ಲಿ ನಾಯಕರಲ್ಲೊಬ್ಬನಾದ ಪೆರಿನ್‌ಗೆ ಕಥೆಯ ಆರಂಭದಲ್ಲಿ ಹೆಂಡತಿಯೇ ಇಲ್ಲ. ಟೀವಿಯವರು ಲೈಲಾ ಎಂಬ ಹೆಂಡತಿಯನ್ನು ಸೃಷ್ಟಿಸಿ, ಮೊದಲ ಎಪಿಸೋಡಿನ ಕಾಳಗದ ಗದ್ದಲದಲ್ಲಿ ಅವನ ಕೈಯಿಂದಲೇ ಕೊಲ್ಲಿಸಿದರು. ತನ್ನ ಕೈಬಲದ ಬಗ್ಗೆ ಪೆರಿನ್‌ಗಿರುವ ಭಯವನ್ನು ಕಾದಂಬರಿ ಅವನ ಮನಸ್ಸಿನೊಳಗೆ ನಿಧಾನಕ್ಕೆ ಬೆಳೆಸುತ್ತದೆ. ಒಂದು ಗಂಟೆಯೊಳಗೆ ಅದನ್ನು ಕಣ್ಣಿಗೆ ಕಾಣಿಸಬೇಕಾದಾಗ ಕೈಗೆ ಸಿಗುವ ಅತಿ ಅಗ್ಗದ ಸಾಮಗ್ರಿ ಹೆಂಡತಿಯ ಹೆಣ. ಮಂತ್ರಶಕ್ತಿಯೆಲ್ಲ ಹೆಂಗಸರ ಕೈಯಲ್ಲಿರುವ ಸರಣಿಯೇ ಹೀಗೆ ಮಾಡಿತು ಎಂಬುದನ್ನು ಗಮನಿಸಬೇಕು.

ಇನ್ನು ‘ಗೇಮ್ ಆಫ್ ಥ್ರೋನ್ಸ್’ನ ಡ್ರ್ಯಾಗನ್ ರಾಣಿ ಡನೇರಿಸ್. 2018ರಲ್ಲಿ ಅಮೆರಿಕದಲ್ಲಿ ಹುಟ್ಟಿದ 560 ಹೆಣ್ಣುಮಕ್ಕಳಿಗೆ ಅವಳ ಬಿರುದಾದ ‘ಖಲೀಸಿ’ಯನ್ನೇ ಹೆಸರಾಗಿ ಇಟ್ಟರು. ಮರುವರ್ಷದ ಮೇ 12ರಂದು ಪ್ರಸಾರವಾದ ಎಪಿಸೋಡಿನಲ್ಲಿ ಅವಳು, ಶರಣಾಗಿದ್ದ ಊರನ್ನೇ ಸುಟ್ಟಳು. ಸುಳಿವೇ ಇರಲಿಲ್ಲ ಎಂಬ ದೂರು ಸುಳ್ಳು. ನಾಲ್ಕನೇ ಸೀಸನ್ನಿನಲ್ಲೇ ಅವಳು ಮಿರೀನ್‌ನ 163 ಒಡೆಯರನ್ನು ಕಂಬಕ್ಕೆ ಜಡಿದಿದ್ದಳು, ಏಳನೆಯದರಲ್ಲಿ ಮಂಡಿಯೂರದ ಟಾರ್ಲಿ ತಂದೆಮಗನನ್ನು ಬೆಂಕಿಗೆ ಕೊಟ್ಟಿದ್ದಳು. ಸುಳಿವು ಬೇಕಾದಷ್ಟಿತ್ತು, ಸುಳಿವಿನಿಂದ ಕೃತ್ಯಕ್ಕೆ ಹೋಗುವ ದಾರಿ ಇರಲಿಲ್ಲ. ಆರು ಸೀಸನ್‌ಗಳು ಹತ್ತತ್ತು ಎಪಿಸೋಡ್ ಇದ್ದವು, ಏಳನೆಯದು ಏಳಕ್ಕೆ, ಎಂಟನೆಯದು ಆರಕ್ಕೆ ಇಳಿಯಿತು. ನಾಲ್ಕನೇ ಎಪಿಸೋಡಿನ ಕೊನೆಯಲ್ಲಿ ಮಿಸಾಂಡೇಯ ತಲೆ ಕಡಿಯುತ್ತಾರೆ. ಡನೇರಿಸ್ ಗುಲಾಮಗಿರಿಯಿಂದ ಬಿಡಿಸಿದ್ದ ಹುಡುಗಿ, ಸರಣಿಯಲ್ಲಿ ಬಹುಕಾಲ ಉಳಿದಿದ್ದ ಒಬ್ಬಳೇ ಕಪ್ಪು ಹೆಣ್ಣು, ಸಾಯುವುದು ಮತ್ತೆ ಸರಪಳಿ ತೊಟ್ಟೇ. ಫ್ರಿಜಿಂಗ್‌ನ ಲಾಭ ಹೆಣ್ಣಿಗೂ ಆಗಬಹುದು ಎಂದಷ್ಟೇ ಇದರಿಂದ ತಿಳಿಯುತ್ತದೆ.

ಐದನೇ ಎಪಿಸೋಡಿನಲ್ಲಿ ಶರಣಾಗತಿಯ ಗಂಟೆ ಮೊಳಗುತ್ತದೆ. ಡ್ರ್ಯಾಗನ್ ಮೇಲೆ ಕೂತ ಡನೇರಿಸ್‌ಳ ಮುಖ ಕಾಣುತ್ತದೆ. ಉಸಿರು ಏರುತ್ತದೆ, ಬಾಯಿ ನಡುಗುತ್ತದೆ. ಡ್ರ್ಯಾಗನ್ ಗೋಡೆ ಬಿಟ್ಟು ಹಾರುತ್ತದೆ. ಅಲ್ಲಿಂದ ಎಪಿಸೋಡ್ ಮುಗಿಯುವವರೆಗೆ ಅವಳ ಮುಖ ಮತ್ತೆ ಕಾಣಿಸುವುದಿಲ್ಲ. ನಾವು ಕೆಳಗೆ ಬೀದಿಯಲ್ಲಿ, ಬೂದಿಯ ನಡುವೆ ಆರ್ಯಾಳ ಜೊತೆ ಓಡುತ್ತಿರುತ್ತೇವೆ. ಮೇಲೆ ಕಾಣುವುದು ರೆಕ್ಕೆ ಮತ್ತು ಬೆಂಕಿ. ಯುದ್ಧವನ್ನು ಸಾಯುವವರ ಕಣ್ಣಿನಿಂದ ತೋರಿಸಬೇಕೆಂಬ ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಅವರ ಆಯ್ಕೆ ಸಿನಿಮಾ ಭಾಷೆಯಲ್ಲಿ ಸರಿಯಾದದ್ದೇ, ಆ ಎಪಿಸೋಡ್ ಭಯಂಕರವಾಗಿ ಬಂದಿದೆ ಕೂಡ. ಆದರೆ ಎಂಟು ಸೀಸನ್ ಜೊತೆಗಿದ್ದ ಪಾತ್ರ ತನ್ನ ಬದುಕಿನ ಅತಿ ದೊಡ್ಡ ಕೃತ್ಯ ಮಾಡುವ ಹೊತ್ತಿಗೆ ಬರೀ ಹವಾಮಾನವಾಗಿಬಿಟ್ಟಿತು. ಕಾರಣ ವಿವರಿಸುವ ಕೆಲಸ ಕೊನೆಯ ಎಪಿಸೋಡಿಗೆ ಬಿತ್ತು, ಅಲ್ಲಿ ವಿವರಿಸುವವನು ಅವಳ ಸಲಹೆಗಾರನಾಗಿದ್ದ ಟಿರಿಯನ್, ಕೇಳುವವನು ಅವಳ ಪ್ರಿಯಕರ ಜಾನ್. ಸೆರೆಯ ಕೋಣೆಯಲ್ಲಿ ಇಬ್ಬರು ಗಂಡಸರು ಅವಳ ಮನಸ್ಸನ್ನು ಬಿಡಿಸಿ ಹೇಳಿಕೊಂಡು, ಅವಳನ್ನು ಕೊಲ್ಲಬೇಕೆಂಬ ತೀರ್ಮಾನದ ಹತ್ತಿರ ಬರುತ್ತಾರೆ. ಅವಳಿಗೆ ಸಿಗುವುದು ಸಿಂಹಾಸನದ ಮುಂದಿನ ಒಂದು ಚಿಕ್ಕ ಮಾತುಕತೆ, ಆಮೇಲೆ ಚೂರಿ. ಆ ಸೀಸನ್ನನ್ನು ಬೇರೆಯವರಿಂದ ಬರೆಸಿ ಮತ್ತೆ ತೆಗೆಯಿರಿ ಎಂಬ ಆನ್‌ಲೈನ್ ಅರ್ಜಿಗೆ 15 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅರ್ಜಿಯಿಂದ ಏನೂ ಆಗಲಿಲ್ಲ, ಆಗುವಂಥದ್ದೂ ಅಲ್ಲ.

ಒಳ್ಳೆಯವಳು ಕೆಟ್ಟವಳಾಗುವ ಪ್ರಕ್ರಿಯೆಯನ್ನು ತೆರೆಯ ಆಚೆ ಮುಗಿಸಿಬಿಡುವುದು ಹಳೆಯ ಚಾಳಿ. ಬಿಬಿಸಿಯ ‘ಮರ್ಲಿನ್’ (2008–2012) ಎರಡನೇ ಸೀಸನ್ನಿನಲ್ಲಿ ಮೋರ್ಗಾನಾಳಿಗೆ ಅವಳ ಸ್ನೇಹಿತ ಮರ್ಲಿನ್ನೇ ವಿಷ ಕೊಡುತ್ತಾನೆ, ಊರನ್ನು ಉಳಿಸಲು ಅವನಿಗೆ ಬೇರೆ ದಾರಿಯಿರುವುದಿಲ್ಲ. ಇದರ ಮೇಲೆ ಒಂದು ಸೀಸನ್ ಕಟ್ಟಬಹುದಿತ್ತು. ಮೂರನೇ ಸೀಸನ್ ತೆರೆದಾಗ ಕಥೆಯಲ್ಲಿ ಒಂದು ವರ್ಷ ಕಳೆದಿದೆ, ಮೋರ್ಗಾನಾ ವಾಪಸ್ ಬಂದಿದ್ದಾಳೆ, ಯಾರೂ ನೋಡದಾಗ ಕುಹಕದ ನಗೆ ನಗುತ್ತಿದ್ದಾಳೆ. ಬದಲಾದದ್ದೆಲ್ಲ ಆ ಕಾಣದ ವರ್ಷದಲ್ಲೇ. ಇದಕ್ಕೆ ಎದುರಾಗಿ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ನ ಮಾಟಗಾತಿ ವಿಲೋಳನ್ನು ಇಟ್ಟು ನೋಡಿ. 2002ರ ಆರನೇ ಸೀಸನ್ನಿನ ಕೊನೆಯ ಮೂರು ಎಪಿಸೋಡ್‌ಗಳಲ್ಲಿ ಅವಳು ಲೋಕವನ್ನೇ ಸುಡಲು ಹೊರಡುತ್ತಾಳೆ. ಅಷ್ಟರೊಳಗೆ ಅವಳ ಮಾಟದ ಚಟ, ಸುಳ್ಳು, ಪ್ರೇಯಸಿಯ ನೆನಪನ್ನೇ ಅಳಿಸಿಹಾಕಿದ ಅಪರಾಧ ಎಲ್ಲವನ್ನೂ ಸೀಸನ್ ಪೂರ್ತಿ ತೋರಿಸಿಯಾಗಿದೆ. ಅವಳು ಸಾಯುವುದಿಲ್ಲ. ಮುಂದಿನ ಸೀಸನ್ನಿನ ಆರಂಭದಲ್ಲಿ ತನ್ನ ಶಕ್ತಿಗೆ ತಾನೇ ಹೆದರುತ್ತ ಚೇತರಿಸಿಕೊಳ್ಳುವುದನ್ನೂ ನೋಡುತ್ತೇವೆ. ಹಾಗೆಂದು ಅದು ಕಳಂಕವಿಲ್ಲದ ಮಾದರಿಯಲ್ಲ: ವಿಲೋ ಕೆರಳುವುದಕ್ಕಾಗಿ ಅವಳ ಪ್ರೇಯಸಿ ಟಾರಾ ಸಾಯುತ್ತಾಳೆ, ಸಲಿಂಗಿ ಪಾತ್ರಗಳೇ ಯಾಕೆ ಹೀಗೆ ಸಾಯಬೇಕು ಎಂಬ ಪ್ರಶ್ನೆಗೆ ಇಂದಿಗೂ ಆ ಸಾವು ಮೊದಲ ಸಾಲಿನ ಉದಾಹರಣೆ. ಆದರೆ ‘ಬಫಿ’ಯ ಬಳಿ ಆ ಸೀಸನ್ನಿಗೆ 22 ಎಪಿಸೋಡ್‌ಗಳಿದ್ದವು. ಈಗಿನ ದೊಡ್ಡ ಫ್ಯಾಂಟಸಿಗಳಿಗೆ ಎಂಟು. ಖರ್ಚು ಹೆಚ್ಚಿದಂತೆ ಎಪಿಸೋಡ್ ಕಡಿಮೆಯಾಗುತ್ತವೆ, ಕಡಿಮೆಯಾದಾಗ ಯುದ್ಧ ಉಳಿದುಕೊಳ್ಳುತ್ತದೆ, ಯುದ್ಧದ ಮರುದಿನ ಕತ್ತರಿಗೆ ಸಿಗುತ್ತದೆ.

ಈ ತೂತುಗಳ ಜೊತೆ ಅಭಿಮಾನಿಗಳು ಏನು ಮಾಡುತ್ತಾರೆ? ‘ಗೇಮ್ ಆಫ್ ಥ್ರೋನ್ಸ್’ನ ಆರ್ಯಾ, ಹೆಣಗಳ ದಂಡಿನ ಒಡೆಯ ನೈಟ್ ಕಿಂಗ್‌ನನ್ನು ಕೊಂದಾಗ ‘ಮೇರಿ ಸೂ’ ಎಂದರು, ಅಂದರೆ ಕಷ್ಟಪಡದೆ ಎಲ್ಲದರಲ್ಲೂ ಗೆಲ್ಲುವವಳು. ಅವಳು ಮೊದಲ ಸೀಸನ್ನಿನಲ್ಲೇ ಕತ್ತಿ ಕಲಿತದ್ದು, ಆಮೇಲೆ ಕಣ್ಣು ಕಳೆದುಕೊಂಡು ಕೋಲಿನೇಟು ತಿಂದದ್ದು ಯಾರಿಗೂ ನೆನಪಾಗಲಿಲ್ಲ. ಆ ದೃಶ್ಯದ ನಿಜವಾದ ದೋಷ ಬೇರೆ: ಹೆಣಗಳ ಅಷ್ಟು ದೊಡ್ಡ ದಂಡನ್ನು ದಾಟಿ ಅವಳು ಹೇಗೆ ಬಂದಳು ಎಂಬುದನ್ನೇ ತೋರಿಸಲಿಲ್ಲ. ಅದು ಸಂಕಲನದ ತಪ್ಪು, ಬೈಗುಳ ಹುಡುಗಿಗೆ. ಫ್ಯಾಂಟಸಿಯ ಆಚೆಗೂ ಇದೇ ಪಾಡು. ‘ಬ್ರೇಕಿಂಗ್ ಬ್ಯಾಡ್’ನ ನಾಯಕನ ಹೆಂಡತಿ ಸ್ಕೈಲರ್ ಮೇಲಿನ ದ್ವೇಷ ಹೇಗೆ ತನ್ನ ಮೇಲೆಯೇ ತಿರುಗಿತೆಂದು ನಟಿ ಆ್ಯನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಚರ್ಮದ ಬಣ್ಣವೂ ಸೇರಿಕೊಂಡರೆ ಕಥೆ ಇನ್ನೂ ಹೊಲಸು. 2022ರ ಮೇನಲ್ಲಿ ‘ಪರ್ಸಿ ಜಾಕ್ಸನ್’ ಸರಣಿಯ ಆ್ಯನಬೆತ್ ಪಾತ್ರಕ್ಕೆ ಕಪ್ಪು ಬಾಲಕಿ ಲಿಯಾ ಜೆಫ್ರೀಸ್ ಆಯ್ಕೆಯಾದಾಗ ಒಂದು ಎಪಿಸೋಡೂ ಬಂದಿರಲಿಲ್ಲ. ಆ 12 ವರ್ಷದ ಹುಡುಗಿಯ ಮೇಲೆ ಸುರಿದ ನಿಂದನೆಯನ್ನು ಮೂಲ ಲೇಖಕ ರಿಕ್ ರಯೊರ್ಡನ್ ವರ್ಣದ್ವೇಷವೆಂದೇ ಕರೆದು, ಆ್ಯನಬೆತ್ ಅಂದರೆ ಇವಳೇ ಎಂದು ಕಡ್ಡಿ ಮುರಿದಂತೆ ಹೇಳಬೇಕಾಯಿತು.

ಇದೆಲ್ಲ ಗಂಡಸರ ಕೆಲಸ ಎಂದುಕೊಂಡರೆ ಅರ್ಧ ಸತ್ಯ. ಅಭಿಮಾನಿಗಳೇ ಬರೆಯುವ ಕಥೆಗಳ, ಅಂದರೆ ಫ್ಯಾನ್‌ಫಿಕ್ ಲೋಕವನ್ನು ‘ಸ್ಟಾರ್ ಟ್ರೆಕ್’ ಕಾಲದ ಕೈಪತ್ರಿಕೆಗಳಿಂದ ಕಟ್ಟಿ ಬೆಳೆಸಿದವರು ಹೆಚ್ಚಾಗಿ ಹೆಂಗಸರು, ಹೆಣ್ಣು ಪಾತ್ರಗಳ ಬಗ್ಗೆ ಅಲ್ಲೂ ತಾತ್ಸಾರವಿದೆ. ‘ಮರ್ಲಿನ್’ನಲ್ಲಿ ಆರ್ಥರ್–ಮರ್ಲಿನ್ ಜೋಡಿಯನ್ನು ಶಿಪ್ ಮಾಡುವವರಿಗೆ, ಅಂದರೆ ಪ್ರೇಮಿಗಳಾಗಿ ಕಲ್ಪಿಸಿಕೊಳ್ಳುವವರಿಗೆ, ಆರ್ಥರ್‌ನ ಪ್ರೇಯಸಿ ಗ್ವೆನ್ ಅಡ್ಡಗಾಲು, ‘ಸೂಪರ್‌ನ್ಯಾಚುರಲ್’ನ ಸೋದರರ ಹತ್ತಿರ ಸುಳಿದ ಹೆಣ್ಣುಗಳ ಗತಿಯೂ ಅದೇ. ಆರ್ಕೈವ್ ಆಫ್ ಅವರ್ ಓನ್ ಎಂಬ ದೊಡ್ಡ ಫ್ಯಾನ್‌ಫಿಕ್ ಭಂಡಾರದಲ್ಲಿ ಗಂಡು–ಗಂಡು ಜೋಡಿಯ ಕಥೆಗಳದ್ದೇ ಮೇಲುಗೈ. ಇದಕ್ಕೂ ಒಂದು ಮಟ್ಟಿಗೆ ಮೂಲ ಬರವಣಿಗೆಯೇ ಕಾರಣ. ಹತ್ತು ವರ್ಷದ ಜಗಳ, ತ್ಯಾಗ, ರಾಜಿಯನ್ನೆಲ್ಲ ಇಬ್ಬರು ಗಂಡಸರ ನಡುವೆ ಇಟ್ಟು, ಪ್ರೇಯಸಿಗೆ ಮೂರು ದೃಶ್ಯ ಕೊಟ್ಟರೆ ಬರೆಯುವವರು ಸಾಮಗ್ರಿ ಇರುವ ಕಡೆಗೇ ಹೋಗುತ್ತಾರೆ. ಅದೇ ಭಂಡಾರದಲ್ಲಿ ‘ಫಿಕ್ಸ್-ಇಟ್’, ‘ಹರ್ಟ್–ಕಂಫರ್ಟ್’ ಎಂಬ ಟ್ಯಾಗ್‌ಗಳನ್ನು ಹುಡುಕಿ ನೋಡಿ. ಒಂದು ಕೆಟ್ಟುಹೋದ ಕಥೆಯನ್ನು ರಿಪೇರಿ ಮಾಡುತ್ತದೆ, ಇನ್ನೊಂದು ಗಾಯವಾದ ಮೇಲಿನ ಆರೈಕೆಯನ್ನು ಬರೆಯುತ್ತದೆ. ಯಾವ ಸರಣಿ ಯಾವ ನಿಮಿಷಗಳನ್ನು ನುಂಗಿತೆಂದು ತಿಳಿಯಲು ವಿಮರ್ಶೆಗಳಿಗಿಂತ ಇದು ನಂಬಲರ್ಹ.

ರೇಟಿಂಗ್‌ಗಳನ್ನು ನಂಬುವ ಮುನ್ನ ಅವು ಹೇಗೆ ಹುಟ್ಟುತ್ತವೆಂದು ಗೊತ್ತಿರಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣದ ಶೇಕಡಾವಾರು ಸರಾಸರಿ ಅಂಕವಲ್ಲ, ಮೆಚ್ಚಿದವರ ಪಾಲು. ನೂರು ವಿಮರ್ಶಕರು ‘ಪರವಾಗಿಲ್ಲ’ ಎಂದರೂ ಅದು 100 ತೋರಿಸುತ್ತದೆ. ಐಎಂಡಿಬಿಯಲ್ಲಿ ಖಾತೆ ತೆರೆದ ಯಾರೇ ಆದರೂ 1ರಿಂದ 10ರವರೆಗೆ ಮತ ಹಾಕಬಹುದು. ಒಟ್ಟು ಅಂಕ ನೋಡುವ ಬದಲು ಮತಗಳ ಹಂಚಿಕೆ ನೋಡಿ. 1 ಮತ್ತು 10ರಲ್ಲಿ ಎರಡು ಕಂಬ ಎದ್ದು ನಡುವೆ ಖಾಲಿಯಿದ್ದರೆ ಅಲ್ಲಿ ನಡೆದದ್ದು ಚುನಾವಣೆ, ವಿಮರ್ಶೆಯಲ್ಲ. 2022ರ ಸೆಪ್ಟೆಂಬರ್‌ನಲ್ಲಿ ‘ದಿ ರಿಂಗ್ಸ್ ಆಫ್ ಪವರ್’ ಬಂದಾಗ ರಾಟನ್ ಟೊಮ್ಯಾಟೋಸ್‌ನಲ್ಲಿ ವಿಮರ್ಶಕರ ಅಂಕ 80ರ ಮೇಲಿತ್ತು, ಪ್ರೇಕ್ಷಕರದ್ದು 40ರ ಆಸುಪಾಸು. ಅಮೆಜಾನ್ ತನ್ನ ತಾಣದಲ್ಲಿ ಪ್ರತಿ ವಿಮರ್ಶೆಯನ್ನೂ 72 ಗಂಟೆ ತಡೆಹಿಡಿದು ಪರಿಶೀಲಿಸಿತು. ಗಲಾಡ್ರಿಯೆಲ್ ಕತ್ತಿ ಹಿಡಿದದ್ದು ಮೂಲ ಲೇಖಕ ಟೋಲ್ಕಿನ್‌ಗೆ ದ್ರೋಹ ಎಂಬುದು ದೊಡ್ಡ ಆರೋಪ. ಆದರೆ ಗಂಡಿನಂಥ ಹುಡುಗಿ ಎಂಬರ್ಥದ ‘ನೆರ್ವೆನ್’ ಎಂಬ ಹೆಸರನ್ನು ಅವಳಿಗೆ ಕೊಟ್ಟವರು ಟೋಲ್ಕಿನ್ನೇ. ಹಾಗಂತ ಕಡಿಮೆ ಅಂಕ ಕೊಟ್ಟವರೆಲ್ಲ ಹೆಣ್ಣುದ್ವೇಷಿಗಳೂ ಅಲ್ಲ. ಸಾವಿರಾರು ವರ್ಷ ಬದುಕಿದ ಸೇನಾನಾಯಕಿಯನ್ನು ಮುಂಗೋಪದ ಹುಡುಗಿಯಂತೆ ಬರೆದು, ಹುಡುಕುತ್ತಿರುವ ಶತ್ರು ಪಕ್ಕದಲ್ಲೇ ಇದ್ದರೂ ಎಂಟನೇ ಎಪಿಸೋಡಿನವರೆಗೆ ಗುರುತಿಸದಂತೆ ಮಾಡಿದ್ದು ಬರವಣಿಗೆಯ ಸೋಲು. ದ್ವೇಷದ ಗದ್ದಲ ಎದ್ದರೆ ಈ ಟೀಕೆ ಕೇಳಿಸುವುದಿಲ್ಲ, ನಿರ್ಮಾಪಕರಿಗೂ ಅದು ಅನುಕೂಲವೇ.

ನಿಮ್ಮ ಮೆಚ್ಚಿನ ಸರಣಿಯನ್ನು ಅಳೆಯುವುದಾದರೆ ದೊಡ್ಡ ಘಟನೆಯಿರುವ ಒಂದು ಎಪಿಸೋಡನ್ನೂ ಅದರ ಮುಂದಿನದನ್ನೂ ತೆಗೆದುಕೊಳ್ಳಿ. ಘಟನೆ ಮುಗಿದ ಕ್ಷಣದಿಂದ ಎರಡು ನಿಮಿಷ ಯಾರ ಮುಖ ಎಷ್ಟು ಸೆಕೆಂಡ್ ಕಾಣುತ್ತದೆ ಬರೆದಿಟ್ಟುಕೊಳ್ಳಿ. ಆ ಹೆಣ್ಣು ಆಮೇಲೆ ಆಡುವ ಮೊದಲ ಮಾತು ಯಾರ ಬಗ್ಗೆ ಎಂದು ನೋಡಿ. ಮುಂದಿನ ಎಪಿಸೋಡಿನಲ್ಲಿ ಆ ಘಟನೆಯ ಬಗ್ಗೆ ಅವಳೆಷ್ಟು ಸಾಲು ಮಾತಾಡುತ್ತಾಳೆ, ಉಳಿದವರು ಅವಳ ಬಗ್ಗೆ ಎಷ್ಟು ಮಾತಾಡುತ್ತಾರೆ, ಎರಡನ್ನೂ ಎಣಿಸಿ. ಒಟ್ಟು ಸಂಭಾಷಣೆ ಎಣಿಸಿದರೆ ಮೋಸ ಹೋಗುತ್ತೀರಿ, ಏಕೆಂದರೆ ‘ಗೇಮ್ ಆಫ್ ಥ್ರೋನ್ಸ್’ನ ರಾಣಿ ಸರ್ಸೀಯಂಥ ಮಾತುಗಾತಿ ಒಬ್ಬಳೇ ಲೆಕ್ಕ ತುಂಬಿಬಿಡುತ್ತಾಳೆ. ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತಾರಾ ಎಂಬ 1985ರ ಬೆಕ್ಡೆಲ್ ಪರೀಕ್ಷೆಯೂ ಇಲ್ಲಿ ಸಾಲದು, ಅದನ್ನು ಈ ಸರಣಿಗಳು ಸುಲಭವಾಗಿ ದಾಟುತ್ತವೆ. ಘಟನೆ ಸೀಸನ್ನಿನ ಕೊನೆಯಲ್ಲಿದ್ದರೆ ಮುಂದಿನ ಸೀಸನ್ನಿನ ಮೊದಲ ಎಪಿಸೋಡ್ ಕಡ್ಡಾಯ, ಮೋರ್ಗಾನಾಳ ಥರದ ಕಳ್ಳತನ ನಡೆಯುವುದು ಆ ಸಂದಿನಲ್ಲೇ.

‘ಗೇಮ್ ಆಫ್ ಥ್ರೋನ್ಸ್’ನ 73 ಎಪಿಸೋಡ್‌ಗಳಲ್ಲಿ ಹೆಣ್ಣು ನಿರ್ದೇಶಿಸಿದ್ದು ನಾಲ್ಕು, ನಾಲ್ಕೂ ಮಿಷೆಲ್ ಮೆಕ್ಲಾರೆನ್ ಅವರವು. ಮೂರನೇ ಸೀಸನ್ನಿನ ನಂತರ ಯಾವ ಎಪಿಸೋಡಿನ ಬರಹಗಾರರ ಸಾಲಿನಲ್ಲೂ ಹೆಣ್ಣಿನ ಹೆಸರಿಲ್ಲ. ಅದನ್ನು ತಯಾರಿಸಿದ ಎಚ್‌ಬಿಒ ವಾಹಿನಿ 2018ರಿಂದ ತನ್ನ ಸರಣಿಗಳ ನಿಕಟ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ (ನಟರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು) ಇರಲೇಬೇಕೆಂದು ಮಾಡಿತು, ‘ಗೇಮ್ ಆಫ್ ಥ್ರೋನ್ಸ್’ಗಿಂತ ಹಿಂದಿನ ಕಾಲದ ಕಥೆಯಾದ ‘ಹೌಸ್ ಆಫ್ ದಿ ಡ್ರ್ಯಾಗನ್’ ಆ ನಿಯಮದಡಿಯಲ್ಲೇ ತಯಾರಾಗಿದೆ. ನಟಿಯ ಸುರಕ್ಷತೆ ಸುಧಾರಿಸಿತು. ಪಾತ್ರದ ಪಾಡು ಸುಧಾರಿಸಿತೇ ಎಂದರೆ ಪೂರ್ತಿ ಅಲ್ಲ. ಎರಡನೇ ಸೀಸನ್ನಿನಲ್ಲಿ ರಾಜಕುಮಾರ ಡೀಮನ್‌ನ ಮನಸ್ಸು ಬದಲಾಗಲು ಹ್ಯಾರನ್‌ಹಾಲ್ ಕೋಟೆಯಲ್ಲಿ ಎಪಿಸೋಡ್ ಮೇಲೆ ಎಪಿಸೋಡ್ ಕನಸು, ಭ್ರಮೆ, ಸತ್ತವರ ದರ್ಶನ. ಹೆತ್ತ ಮಗನ ತಲೆಯನ್ನೇ ಒಪ್ಪಿಸಲು ತಯಾರಾಗುವ ರಾಜಮಾತೆ ಅಲಿಸೆಂಟ್‌ಗೆ ಮಂತ್ರಿಮಂಡಲದಲ್ಲಿ ಒಂದಿಷ್ಟು ಅವಮಾನ, ಆಮೇಲೆ ಕಾಡಿನ ನೀರಿನಲ್ಲಿ ಅಂಗಾತ ತೇಲುವ ಒಂದು ದೃಶ್ಯ. ಎಚ್‌ಬಿಒ ಪ್ರಚಾರಕ್ಕೆಂದು ಪ್ರೇಕ್ಷಕರನ್ನು ಸಿಂಹಾಸನಕ್ಕೆ ಹಕ್ಕು ಹೂಡಿದ ರೆನೀರಾಳ ಪಕ್ಷದ ಟೀಮ್ ಬ್ಲ್ಯಾಕ್, ಅಲಿಸೆಂಟ್ ಪಕ್ಷದ ಟೀಮ್ ಗ್ರೀನ್ ಎಂದು ಒಡೆದು ಎರಡು ಬಗೆಯ ಟ್ರೇಲರ್ ಬಿಟ್ಟಿತ್ತಲ್ಲ, ಆ ಟೀಮ್ ಜಗಳದಲ್ಲಿ ಅಲಿಸೆಂಟ್ ದ್ರೋಹಿಯೋ ಪೆದ್ದಿಯೋ ಎಂಬ ಚರ್ಚೆ ನಡೆಯಿತು. ನೀರಿನಿಂದ ಎದ್ದವಳು ಆ ತೀರ್ಮಾನಕ್ಕೆ ಹೇಗೆ ಬಂದಳೆಂದು ಯಾಕೆ ತೋರಿಸಲಿಲ್ಲ ಎಂದು ಕೇಳಿದವರು ಕಡಿಮೆ.

ಮುಂದಿನ ಸರದಿ ರೆನೀರಾಳದ್ದು. ಈ ಕಥೆಯ ಮೂಲ ಕೃತಿ ಒಬ್ಬ ಪಂಡಿತ ಬರೆದ ಇತಿಹಾಸದ ರೂಪದಲ್ಲಿದೆ. ಅದರಲ್ಲಿ ಯಾರ ಮನಸ್ಸಿನೊಳಗೂ ಇಣುಕುವಂತಿಲ್ಲ, ಸಾಕ್ಷಿಗಳೂ ಒಬ್ಬರಿಗೊಬ್ಬರು ತಾಳೆಯಾಗುವುದಿಲ್ಲ. ಆದರೆ ರಾಜಧಾನಿ ಹಿಡಿದ ರಾಣಿಯನ್ನು ಜನ ಯಾಕೆ ದ್ವೇಷಿಸತೊಡಗಿದರು ಎಂಬುದಕ್ಕೆ ಅಲ್ಲೊಂದು ಸ್ಪಷ್ಟ ಕಾರಣವಿದೆ, ಅದು ಹುಚ್ಚಲ್ಲ, ರಕ್ತದಲ್ಲಿ ಬಂದದ್ದೂ ಅಲ್ಲ. ಎದುರಾಳಿಗಳು ಖಜಾನೆಯ ಚಿನ್ನವನ್ನು ಮೊದಲೇ ಹಂಚಿ ಹೊರಗೆ ಸಾಗಿಸಿರುತ್ತಾರೆ. ಬರಿದಾದ ಖಜಾನೆ ತುಂಬಲು ಅವಳ ಹಣಕಾಸಿನ ಮಂತ್ರಿ ಸೆಲ್ಟಿಗರ್ ತೆರಿಗೆಯ ಮೇಲೆ ತೆರಿಗೆ ಹಾಕುತ್ತಾನೆ. ಇದನ್ನು ತೋರಿಸಲು ಡ್ರ್ಯಾಗನ್ ಬೇಡ, ಗ್ರಾಫಿಕ್ಸ್ ಬೇಡ: ಒಂದು ಮೇಜು, ನಾಲ್ಕು ಕುರ್ಚಿ, ಲೆಕ್ಕದ ಪುಸ್ತಕ, ಸಹಿ ಹಾಕುವ ಮುನ್ನ ರೆನೀರಾಳ ಮುಖ. ಖರ್ಚಿನಲ್ಲಿ ಇಷ್ಟು ಅಗ್ಗದ ದೃಶ್ಯ ಆ ಸರಣಿಗೆ ಬೇರೊಂದು ಸಿಗಲಿಕ್ಕಿಲ್ಲ. ಆದರೆ ಟ್ರೇಲರಿನಲ್ಲಿ ಅದಕ್ಕೆ ಜಾಗವಿಲ್ಲ, ಎಂಟು ಎಪಿಸೋಡಿನ ಸೀಸನ್ನಿನಲ್ಲಿ ಮೊದಲು ಕತ್ತರಿ ಬೀಳುವುದೂ ಅಂಥ ದೃಶ್ಯಕ್ಕೇ.